ನೋಟ್‌ಬುಕ್ಕಿನ ಕೊನೆಯ ಪುಟದ ಕಣ್ಣುಗಳು

ಮಾನ್ಯರೇ,

ಮಲ್ಲೇಶ್ವರದಿಂದ ನೀವು ಬರೆದ ನಾಲ್ಕು ಪುಟಗಳ ಪತ್ರವೂ ಅದರೊಡನೆ ಕಳುಹಿಸಿದ ಫೋಟೋವೂ ಕಳೆದ ವಾರ ತಲುಪಿದವು. ಹೆಸರು ಪ್ರಕಟಿಸಬಾರದೆಂದು ಕೋರಿದ್ದೀರಿ, ಹಾಗೆಯೇ ಆಗಲಿ. ಉಳಿದ ಓದುಗರಿಗೂ ಸಂಗತಿ ತಿಳಿಯಬೇಕಾದ್ದರಿಂದ ಪತ್ರದ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಹಿಂದಿನ ಸಂಚಿಕೆಯಲ್ಲಿ ‘ನಿಮ್ಮ ಗೀಚು, ನಿಮ್ಮ ಗುಟ್ಟು’ ಎಂಬ ಅರ್ಧ ಪುಟದ ಬರಹವೊಂದಿತ್ತು. ಫೋನಿನಲ್ಲಿ ಮಾತಾಡುವಾಗಲೋ ಪಾಠ ಕೇಳುವಾಗಲೋ ಕೈ ತನ್ನಷ್ಟಕ್ಕೆ ತಾನೇ ಬರೆಯುವ ಚಿತ್ರಗಳಿಗೆ ಅದು ಒಂದೊಂದು ಅರ್ಥ ಕೊಟ್ಟಿತ್ತು: ಕಣ್ಣು ಬರೆಯುವವರದು ಅನುಮಾನದ ಸ್ವಭಾವ, ಜೇನುಗೂಡಿನಂಥ ಮನೆಗಳನ್ನು ಬರೆಯುವವರು ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾರೆ, ಸುರುಳಿ ಸುತ್ತುವವರಿಗೆ ತಮ್ಮದೇ ಚಿಂತೆ, ಒತ್ತಿ ಒತ್ತಿ ಕಪ್ಪು ಮಾಡುವವರು ಸಿಟ್ಟು ನುಂಗಿಕೊಂಡವರು. ಇದನ್ನು ಓದಿದ ಮರುದಿನ ನೀವು ದ್ವಿತೀಯ ಪಿಯುಸಿಯಲ್ಲಿರುವ ಮಗಳ ರಸಾಯನಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ನೋಡಿದಿರಿ; ನಾಲ್ಕೂ ಅಲ್ಲಿದ್ದವು. ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಮೂರನೆಯ ದಿನ ಸುತ್ತಿ ಬಳಸಿ ಕೇಳಹೊರಟಾಗ ಮಗಳು, ‘ನನ್ನ ಪುಸ್ತಕ ಯಾಕೆ ತೆಗೆದೆ?’ ಎಂದವಳೇ ಊಟದ ತಟ್ಟೆ ಬಿಟ್ಟು ಎದ್ದು ಹೋದಳು. ‘ಇದಕ್ಕೆ ನೀವೇ ಉತ್ತರ ಹೇಳಬೇಕು’ ಎಂದು ಬರೆದಿದ್ದೀರಿ.

ಹೇಳಬೇಕಾದವರು ನಾವೇ. ಆ ಪುಟಕ್ಕೆ ಗೊತ್ತಾಗಿದ್ದ ಜಾಹೀರಾತು ಕೊನೆಯ ಗಳಿಗೆಯಲ್ಲಿ ರದ್ದಾಯಿತು, ಪ್ರೆಸ್ಸಿನವರು ಕಾಯುತ್ತಿದ್ದರು, ಯಾವಾಗಲೋ ಅನುವಾದಿಸಿ ಇಟ್ಟುಕೊಂಡಿದ್ದ ಫಿಲ್ಲರ್ ಒಂದನ್ನು ಆ ಜಾಗಕ್ಕೆ ಕೂರಿಸಿದೆವು. ಅದರಲ್ಲಿ ಹೇಳಿದ್ದಕ್ಕೆ ಆಧಾರವೇನೆಂದು ಯಾರೂ ಕೇಳಲಿಲ್ಲ. ಪ್ರೂಫ್ ನೋಡಿದ ನಾನು ಕಾಗುಣಿತ ತಿದ್ದಿದೆನೇ ಹೊರತು ವಿಷಯವನ್ನು ತಿದ್ದಲಿಲ್ಲ. ಓದುಗರು ನಕ್ಕು ಮಗುಚಿಹಾಕುತ್ತಾರೆ ಎಂದುಕೊಂಡಿದ್ದೆವು. ಒಬ್ಬ ತಾಯಿ ಅದನ್ನು ಹಿಡಿದುಕೊಂಡು ಮಗಳ ಪುಸ್ತಕ ತೆರೆಯಬಹುದೆಂಬುದು ನಮಗೆ ಹೊಳೆಯಲಿಲ್ಲ. ಕ್ಷಮೆಯಿರಲಿ.

ಇನ್ನು ಆ ಪುಟ. ಫೋಟೋವನ್ನು ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡಿದೆ. ನೀವು ಜೇನುಗೂಡು ಎಂದಿರುವ ಆರು ಮೂಲೆಯ ಆಕೃತಿಗಳನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಕೆಲವುಗಳ ಒಳಗೆ ಒಂದು ಬಾಹು ಬಿಟ್ಟು ಇನ್ನೊಂದಕ್ಕೆ ಎರಡನೆಯ ಗೆರೆ ಇದೆ, ಕೆಲವುಗಳ ನಡುವೆ ಒಂದು ವೃತ್ತವಿದೆ, ಒಂದರ ನೆತ್ತಿಯ ಮೇಲೆ ಚಿಕ್ಕದಾಗಿ ‘ಓಎಚ್’ ಎಂದು ಇಂಗ್ಲಿಷ್ ಅಕ್ಷರಗಳಿವೆ. ಅವು ಬೆಂಜೀನ್ ಉಂಗುರಗಳು; ಓಎಚ್ ಹೊತ್ತಿರುವುದು ಫೀನಾಲ್. ಅವಳ ಪಠ್ಯದಲ್ಲಿ ಆಲ್ಕೊಹಾಲ್, ಫೀನಾಲ್, ಈಥರ್‌ಗಳಿಗೆಂದೇ ಒಂದು ಅಧ್ಯಾಯವಿದೆ. ಹುಡುಗಿ ಸಿಕ್ಕಿಹಾಕಿಕೊಂಡಿದ್ದರೆ ಆ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿರಬೇಕು. ಕಪ್ಪು ಮಾಡಿದ ಜಾಗಗಳಲ್ಲಿ ಮಸಿ ಹಿಂದಿನ ಪುಟಕ್ಕೂ ಇಳಿದಿರುವಂತೆ ಕಾಣುತ್ತದೆ. ಅದು ಸಿಟ್ಟಿನ ಒತ್ತಡವೂ ಇರಬಹುದು, ಸೋರುವ ಜೆಲ್ ಪೆನ್ನೂ ಇರಬಹುದು. ಕಣ್ಣುಗಳು ಒಟ್ಟು ಹನ್ನೊಂದು. ಹೆಚ್ಚಿನವು ಪಕ್ಕದಿಂದ ಕಂಡ ಮುಖದ ಕಣ್ಣುಗಳು, ಎಲ್ಲವೂ ಎಡಕ್ಕೆ ತಿರುಗಿವೆ. ಬಲಗೈಯಲ್ಲಿ ಬರೆಯುವವರು ಪಕ್ಕದ ಮುಖವನ್ನು ಸಾಮಾನ್ಯವಾಗಿ ಎಡಕ್ಕೆ ತಿರುಗಿಸಿಯೇ ಬರೆಯುತ್ತಾರೆ, ಕೈಗೆ ಅದು ಸಲೀಸು. ಆದ್ದರಿಂದ ಈ ಪುಟ ನೋಡಿ ನಿಮ್ಮ ಮಗಳ ಬಗ್ಗೆ ಒಂದು ಮಾತು ಹೇಳಲೇಬೇಕೆಂದರೆ, ಅವಳು ಬಲಗೈಯವಳು ಎನ್ನಬಲ್ಲೆ. ಅದಕ್ಕಿಂತ ಮುಂದೆ ಹೋಗುವ ಧೈರ್ಯ ನನಗಿಲ್ಲ.

‘ಆದರೆ ಕಣ್ಣಿಗೂ ಅನುಮಾನಕ್ಕೂ ಸಂಬಂಧವಿದೆ ಎಂದು ನನ್ನ ಮನಸ್ಸಿಗೂ ಅನ್ನಿಸುತ್ತಿದೆ’ ಎಂದು ಬರೆದಿದ್ದೀರಿ. ನಿಮಗೆ ಮಾತ್ರವಲ್ಲ, ಪಳಗಿದ ಮನಃಶಾಸ್ತ್ರಜ್ಞರಿಗೂ ಹಾಗೆ ಅನ್ನಿಸಿದ್ದುಂಟು. ಮನುಷ್ಯನ ಚಿತ್ರ ಬರೆಯಿಸಿ ಅದರಿಂದ ರೋಗಿಯ ಮನಸ್ಸನ್ನು ಅಳೆಯುವ ಪರೀಕ್ಷೆಯೊಂದು ಅಮೆರಿಕದಲ್ಲಿ ಬಹಳ ಬಳಕೆಯಲ್ಲಿತ್ತು. ಕಣ್ಣನ್ನು ದೊಡ್ಡದಾಗಿಯೋ ವಿಚಿತ್ರವಾಗಿಯೋ ಬರೆದವರು ಸಂಶಯ ಪ್ರವೃತ್ತಿಯವರು ಎಂದು ಅದನ್ನು ಬಳಸುತ್ತಿದ್ದ ವೈದ್ಯರು ನಂಬಿದ್ದರು, ತಮ್ಮ ಅನುಭವವೇ ಇದಕ್ಕೆ ಸಾಕ್ಷಿ ಎನ್ನುತ್ತಿದ್ದರು. ಲೋರೆನ್ ಚಾಪ್‌ಮನ್ ಮತ್ತು ಜೀನ್ ಚಾಪ್‌ಮನ್ ಎಂಬ ದಂಪತಿ ಇದನ್ನು ಪರೀಕ್ಷಿಸಿ 1967ರಲ್ಲಿ ಪ್ರಕಟಿಸಿದರು. ಅವರು ಕೆಲವು ಚಿತ್ರಗಳನ್ನು ತೆಗೆದುಕೊಂಡು, ಒಂದೊಂದರ ಕೆಳಗೂ ‘ಇದನ್ನು ಬರೆದವನಿಗೆ ಇಂಥ ತೊಂದರೆ’ ಎಂಬ ಸಾಲುಗಳನ್ನು, ಚಿತ್ರಕ್ಕೂ ಸಾಲಿಗೂ ಯಾವ ಸಂಬಂಧವೂ ಇರದಂತೆ, ಚೀಟಿ ಎತ್ತಿದ ಹಾಗೆ ಅಂಟಿಸಿದರು. ಆಮೇಲೆ ಈ ಪರೀಕ್ಷೆಯ ಗಂಧಗಾಳಿಯಿಲ್ಲದ ಕಾಲೇಜು ವಿದ್ಯಾರ್ಥಿಗಳಿಗೆ ಅವನ್ನು ತೋರಿಸಿ, ಯಾವ ಚಿತ್ರಕ್ಕೆ ಯಾವ ತೊಂದರೆ ಹೊಂದುತ್ತದೆಂದು ಗಮನಿಸಲು ಹೇಳಿದರು. ಇಲ್ಲದ ಸಂಬಂಧವನ್ನು ವಿದ್ಯಾರ್ಥಿಗಳು ಕಂಡುಹಿಡಿದೇಬಿಟ್ಟರು. ಅದೂ ವೈದ್ಯರು ಹೇಳುತ್ತಿದ್ದ ಸಂಬಂಧವನ್ನೇ. ಸಂಶಯ ಎಂದೊಡನೆ ಕಣ್ಣು ನೆನಪಾಗುವುದು ನಮ್ಮ ಮಾತಿನ ರೂಢಿಯಿಂದ. ಕನ್ನಡದಲ್ಲೇ ನೋಡಿ, ಒಬ್ಬರ ಮೇಲೆ ‘ಕಣ್ಣಿಡುವುದು’ ಇದೆ, ‘ಕಣ್ಣು ತಪ್ಪಿಸುವುದು’ ಇದೆ, ‘ಕಣ್ಣು ಬೀಳುವುದು’ ಇದೆ. ಈ ರೂಢಿ ನೋಡುವವರ ತಲೆಯಲ್ಲಿ ಮೊದಲೇ ಕೂತಿರುತ್ತದೆ, ಚಿತ್ರ ಅದಕ್ಕೆ ನೆಪವಾಗುತ್ತದೆ.

ಉಳಿದ ಅರ್ಥಗಳು ‘ಸರಿಯಾಗಿ ಹೊಂದಿಬಿಟ್ಟವು’ ಎಂಬ ನಿಮ್ಮ ಮಾತಿಗೂ ಹಳೆಯದೊಂದು ವಿವರಣೆಯಿದೆ. ಬರ್ಟ್ರಮ್ ಫೋರರ್ ಎಂಬ ಮನಃಶಾಸ್ತ್ರಜ್ಞ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ವಾರದ ಬಳಿಕ ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವಿವರಣೆ ಎಂದು ಒಂದೊಂದು ಹಾಳೆ ಹಂಚಿದ. ಎಷ್ಟು ಸರಿಯಿದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದ. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಬರಹ, ಅದರ ಹೆಚ್ಚಿನ ಸಾಲುಗಳನ್ನು ಅವನು ಆರಿಸಿಕೊಂಡದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕವೊಂದರಿಂದ. ಹದಿನೇಳು ವರ್ಷದ ಯಾವ ಮಗುವಿಗೆ ಪರೀಕ್ಷೆಯ ವರ್ಷ ಸಿಕ್ಕಿಹಾಕಿಕೊಂಡಂತೆ ಅನ್ನಿಸುವುದಿಲ್ಲ, ಯಾರು ಸಿಟ್ಟು ನುಂಗುವುದಿಲ್ಲ? ನಮ್ಮ ಫಿಲ್ಲರ್ ಕಾಲುದಾರಿಯ ಗಿಣಿ ಎತ್ತಿಕೊಡುವ ಚೀಟಿಗಿಂತ ಬೇರೆಯಾಗಿರಲಿಲ್ಲ. ಗಿಣಿಗೆ ಪಾಪ, ತಾನೇನು ಎತ್ತಿದೆನೆಂದು ತಿಳಿಯದು.

ಗೀಚನ್ನು ಓದಲು ಹೋಗಿ ಪೇಚಿಗೆ ಸಿಕ್ಕಿದ ಪತ್ರಿಕೆ ನಮ್ಮದೊಂದೇ ಅಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಒಂದು ಉದಾಹರಣೆ ಇದೆ. 2005ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಒಂದು ಪತ್ರಿಕಾಗೋಷ್ಠಿ ಮುಗಿದ ಮೇಲೆ ಮೇಜಿನ ಮೇಲೆ ಗೀಚಿದ ಹಾಳೆಯೊಂದು ಉಳಿದುಕೊಂಡಿತ್ತು. ಬ್ರಿಟನ್ನಿನ ಪತ್ರಿಕೆಗಳು ಅದು ಪ್ರಧಾನಿ ಟೋನಿ ಬ್ಲೇರ್ ಅವರದೆಂದು ತಿಳಿದು ಕೈಬರಹ ತಜ್ಞರ ಮುಂದಿಟ್ಟವು. ಬರೆದವರಿಗೆ ಏಕಾಗ್ರತೆ ಸಾಲದು, ಒತ್ತಡದಲ್ಲಿದ್ದಾರೆ, ಹುಟ್ಟು ನಾಯಕನ ಲಕ್ಷಣವಿಲ್ಲ ಎಂಬಂಥ ಮಾತುಗಳು ಅಚ್ಚಾದವು. ಕೆಲವೇ ದಿನಗಳಲ್ಲಿ ಆ ಗೀಚು ಅದೇ ಗೋಷ್ಠಿಯಲ್ಲಿದ್ದ ಬಿಲ್ ಗೇಟ್ಸ್ ಅವರದೆಂದು ತಿಳಿದುಬಂತು. ತಜ್ಞರು ಓದಿದ್ದು ಹಾಳೆಯನ್ನಲ್ಲ, ಬ್ಲೇರ್ ಕುರಿತು ತಾವು ಆಗಲೇ ಪತ್ರಿಕೆಗಳಲ್ಲಿ ಓದಿದ್ದನ್ನು.

ಹಾಗಾದರೆ ಗೀಚಿಗೆ ಅರ್ಥವೇ ಇಲ್ಲವೇ ಎಂದು ನೀವು ಕೇಳಬಹುದು. ಅಷ್ಟು ಒಣದಾಗಿ ತಳ್ಳಿಹಾಕಲು ನನಗೂ ಮನಸ್ಸಿಲ್ಲ, ಏಕೆಂದರೆ ಗೀಚುವವರಲ್ಲಿ ನಾನೂ ಒಬ್ಬ. ಈ ಉತ್ತರ ಬರೆಯುವ ಮುನ್ನ ನನ್ನ ಮೇಜಿನ ಮೇಲಿದ್ದ ಒಂದು ಹಳೆಯ ಪ್ರೂಫ್ ಹಾಳೆ ತೆಗೆದು ನೋಡಿದೆ. ಕಾಗದದ ವ್ಯಾಪಾರಿಯೊಡನೆ ಫೋನಿನಲ್ಲಿ ಬಾಕಿಯ ಲೆಕ್ಕ ಮಾತಾಡುವಾಗಲೆಲ್ಲ ನಾನು ಶೀರ್ಷಿಕೆಯ ಅಕ್ಷರಗಳ ಹೊಟ್ಟೆ ತುಂಬಿಸುತ್ತಾ ಹೋಗಿದ್ದೇನೆ: ಅನುಸ್ವಾರದ ಸೊನ್ನೆ ಮೊದಲು, ಆಮೇಲೆ ‘ಠ’ದ ಒಳಗು, ‘ಥ’ದ ಒಳಗು, ‘ರ’ದ ಒಳಗು. ಇಡೀ ಶೀರ್ಷಿಕೆ ಇದ್ದಿಲಿನ ಹಾಗೆ ಕಪ್ಪಾಗಿದೆ. ಪುಟ ಕಟ್ಟುವ ನಮ್ಮ ಸಹೋದ್ಯೋಗಿಯೊಬ್ಬರು ಪ್ರೆಸ್ಸಿಗೆ ಫೋನ್ ಹಚ್ಚಿದರೆಂದರೆ ಪುಟವಿನ್ಯಾಸದ ಕರಡು ಹಾಳೆಯಾದ ಡಮ್ಮಿಯ ಹಿಂಬದಿಯಲ್ಲಿ ಏಳರಿಂದ ನಾಲ್ಕರವರೆಗೆ ಸಂದು ಚುಕ್ಕಿ ಇಟ್ಟು ಎಳೆ ಸುತ್ತಲು ತೊಡಗುತ್ತಾರೆ, ಮಾತು ಮುಗಿಯುವಷ್ಟರಲ್ಲಿ ರಂಗೋಲಿ ಮುಗಿದಿರುತ್ತದೆ. ಪಶ್ಚಿಮದಲ್ಲೆಲ್ಲೋ ತಯಾರಾದ ಗೀಚಿನ ನಿಘಂಟು ಹೆಣೆದುಕೊಂಡ ಆ ಎಳೆಗಳನ್ನು ‘ಜಟಿಲ ಮನಸ್ಸು’ ಎಂದು ಓದೀತು. ಅವರನ್ನೇ ಕೇಳಿದರೆ, ಧನುರ್ಮಾಸದ ಚಳಿಯಲ್ಲಿ ಅಜ್ಜಿಯ ಜೊತೆ ಬಾಗಿಲ ಮುಂದೆ ಕೂತು ಕಲಿತದ್ದು, ಕೈಗೆ ಅದು ಬಿಟ್ಟು ಬೇರೆ ಬರುವುದಿಲ್ಲ ಎನ್ನುತ್ತಾರೆ. ಮನಸ್ಸು ಬೇರೆಡೆ ಇದ್ದಾಗ ಕೈ ತಾನು ಕಲಿತದ್ದಕ್ಕೆ ಮರಳುತ್ತದೆ. ದುಂಡು ಅಕ್ಷರದ ನಮ್ಮ ಕೈಗಳು ದುಂಡನ್ನೇ ಹುಡುಕುತ್ತವೆ, ಗ್ರಾಫ್ ಹಾಳೆ ಸಿಕ್ಕವರು ಚೌಕ ತುಂಬುತ್ತಾರೆ, ನಿಮ್ಮ ಮಗಳು ಬೆಂಜೀನ್ ಬರೆಯುತ್ತಾಳೆ.

ಗೀಚುವಿಕೆ ಗಮನದ ಬಗ್ಗೆ ಹೇಳುವುದು ಇನ್ನೂ ಖಚಿತ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಜಾಕಿ ಆಂಡ್ರೇಡ್ ಅವರು 40 ಮಂದಿಗೆ ಎರಡೂವರೆ ನಿಮಿಷದ ಬೇಸರದ ಫೋನ್ ಸಂದೇಶವೊಂದನ್ನು ಕೇಳಿಸಿ, ಅದರಲ್ಲಿ ಬರುವ ಹೆಸರುಗಳ ಪೈಕಿ ಪಾರ್ಟಿಗೆ ಬರುವವರನ್ನು ಗುರುತು ಮಾಡಿಕೊಳ್ಳಲು ಹೇಳಿದರು; ಅರ್ಧದಷ್ಟು ಜನರಿಗೆ ಕೇಳುತ್ತಲೇ ಅಚ್ಚಾದ ಚೌಕ ಮತ್ತು ವೃತ್ತಗಳನ್ನು ಪೆನ್ಸಿಲಿನಿಂದ ತುಂಬುವ ಕೆಲಸವನ್ನೂ ಕೊಟ್ಟರು. ಮುನ್ಸೂಚನೆಯಿಲ್ಲದೆ ನೆನಪಿನ ಪರೀಕ್ಷೆ ಮಾಡಿದಾಗ, ತುಂಬುತ್ತಾ ಕೇಳಿದವರಿಗೆ ಸುಮ್ಮನೆ ಕೇಳಿದವರಿಗಿಂತ ಶೇ 29ರಷ್ಟು ಹೆಚ್ಚು ವಿವರಗಳು ನೆನಪಿದ್ದವು. 2009ರಲ್ಲಿ ಬೆಳಕಿಗೆ ಬಂದ ಈ ಅಧ್ಯಯನ ಚಿಕ್ಕದು, ಅಚ್ಚಾದ ಆಕೃತಿ ತುಂಬುವುದು ಸ್ವಂತ ಇಚ್ಛೆಯ ಗೀಚಿಗೆ ಪೂರ್ತಿ ಸಮವೂ ಅಲ್ಲ. ಆದರೂ ಅವರು ಸೂಚಿಸಿದ ಕಾರಣ ಒಪ್ಪುವಂತಿದೆ: ಬೇಸರ ಬಂದ ಮನಸ್ಸು ಹಗಲುಗನಸಿಗೆ ಹೊರಟುಬಿಡುತ್ತದೆ, ಕೈಗೊಂದು ಸಣ್ಣ ಕೆಲಸವಿದ್ದರೆ ಅದು ಅಷ್ಟು ದೂರ ಹೋಗುವುದಿಲ್ಲ. ಕೊನೆಯ ಪುಟ ಗೀಚಿದ ಮಗಳು ಆ ಹೊತ್ತಿನಲ್ಲಿ ಪಾಠ ಕೇಳುತ್ತಲೇ ಇದ್ದಿರಬಹುದು. ಸುರುಳಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞರು 1963ರಲ್ಲಿ ಬೇಸರ ಹಿಡಿಸುವ ಉಪನ್ಯಾಸವೊಂದರ ನಡುವೆ ಅಂಕಿಗಳನ್ನು ಸುರುಳಿಯಾಗಿ ಬರೆಯುತ್ತಾ, ಅವಿಭಾಜ್ಯ ಸಂಖ್ಯೆಗಳಿಗೆ ಗುರುತು ಹಾಕುತ್ತಾ ಕೂತಿದ್ದಾಗ, ಅವು ಓರೆ ಸಾಲುಗಳಲ್ಲಿ ಗುಂಪುಗೂಡುವುದನ್ನು ಕಂಡರು. ಗಣಿತದಲ್ಲಿ ಅದು ಇಂದಿಗೂ ಉಲಾಮ್ ಸುರುಳಿ.

ಭಾವನೆಯ ವಿಷಯ ಇಷ್ಟು ಸರಳವಲ್ಲ. ಮನಸ್ಸು ಕದಡಿದ ದಿನ ಗೆರೆ ಗಡುಸಾಗುವುದನ್ನು, ಒಂದೇ ಆಕೃತಿ ಮತ್ತೆ ಮತ್ತೆ ಬರುವುದನ್ನು ನಾವೆಲ್ಲ ನಮ್ಮ ಹಾಳೆಗಳಲ್ಲೇ ಕಂಡಿದ್ದೇವೆ. ಸಾಲದ ಮಂಜೂರಾತಿಗೆ ಕಾಯುವವರು ಮನೆ ಬರೆಯುತ್ತಾರೆ, ಊರು ಬಿಟ್ಟು ಬಂದವರು ಬೆಟ್ಟ ಬರೆಯುತ್ತಾರೆ. ಆದರೆ ಅವೇ ಮನೆ, ಅವೇ ಬೆಟ್ಟ ಬೇರೆ ಯಾವ ಕಾರಣಕ್ಕೂ ಬರಬಹುದಾದ್ದರಿಂದ ಗೆರೆಯಿಂದ ಭಾವನೆಗೆ ಹಿಂದಕ್ಕೆ ನಡೆಯುವ ದಾರಿ ಹೊರಗಿನವರಿಗೆ ತೆರೆದಿಲ್ಲ, ಗೀಚಿದವರಿಗೆ ಒಂದಿಷ್ಟು ತೆರೆದಿರುತ್ತದೆ. ಮಕ್ಕಳ ಮನಸ್ಸಿನ ಚಿಕಿತ್ಸಕರು ಚಿತ್ರ ಬರೆಯಿಸಿ, ‘ಇದು ಯಾರು, ಇಲ್ಲಿ ಏನಾಗುತ್ತಿದೆ?’ ಎಂದು ಬರೆದ ಮಗುವನ್ನೇ ಕೇಳುವುದು ಇದಕ್ಕಾಗಿ. ಚಿತ್ರ ಅಲ್ಲಿ ಮಾತಿಗೆ ಕೂರಲು ಹಾಸಿದ ಚಾಪೆ.

ನೀವು ಗಮನಿಸಬೇಕಾದದ್ದು ಬೇರೆ ಕಡೆ ಇದೆ. ನಿದ್ದೆ ಕೆಟ್ಟಿದೆಯೇ, ಊಟ ಸೇರುತ್ತಿಲ್ಲವೇ, ಗೆಳತಿಯರ ಫೋನ್ ಎತ್ತುವುದನ್ನು ಬಿಟ್ಟಿದ್ದಾಳೆಯೇ, ಹಿಂದೆ ಇಷ್ಟಪಟ್ಟದ್ದರಲ್ಲಿ ಆಸಕ್ತಿ ಹೋಗಿದೆಯೇ, ಸಾಯುವ ಮಾತು ಬರಹದಲ್ಲೋ ಬಾಯಲ್ಲೋ ಬಂದಿದೆಯೇ? ಸಾಯುವ ಮಾತೊಂದೇ ಬಂದಿದ್ದರೂ, ಉಳಿದವು ಎರಡು ವಾರ ಮೀರಿ ನಡೆದಿದ್ದರೂ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ಇರುವುದು ನಮ್ಮ ಊರಿನಲ್ಲೇ. ನಿಮ್ಮ ಪತ್ರದ ಪ್ರಕಾರ ಅವಳು ಚೆನ್ನಾಗಿ ಉಣ್ಣುತ್ತಾಳೆ, ಭಾನುವಾರ ಸಂಪಿಗೆ ರಸ್ತೆಗೆ ಗೆಳತಿಯರೊಡನೆ ಹೋಗಿ ಬರುತ್ತಾಳೆ, ನಿಮ್ಮೊಡನೆ ಜಗಳವನ್ನೂ ಆಡುತ್ತಾಳೆ. ಅವಳು ಊಟದ ತಟ್ಟೆ ಬಿಟ್ಟು ಎದ್ದದ್ದು ಆ ಒಂದು ದಿನ, ಅದಕ್ಕೆ ಕಾರಣ ಯಾವುದೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಆದ್ದರಿಂದ ನನ್ನದೊಂದು ಬಿನ್ನಹ. ಪುಸ್ತಕ ತೆರೆದದ್ದು ತಪ್ಪಾಯಿತೆಂದು ಅವಳಿಗೆ ನೇರವಾಗಿ ಹೇಳಿ, ಬೇಕಿದ್ದರೆ ಇಲ್ಲಸಲ್ಲದ್ದನ್ನು ಅಚ್ಚು ಹಾಕಿದ ಈ ಪತ್ರಿಕೆಯ ಮೇಲೆ ಹೊರೆ ಹಾಕಿ. ಅವಳ ಸಿಟ್ಟು ಇಳಿದ ಮೇಲೆ, ಅರ್ಥ ಹುಡುಕುವ ಧಾಟಿ ಬಿಟ್ಟು, ಆ ಕಣ್ಣುಗಳ ರೆಪ್ಪೆಯನ್ನು ಅಷ್ಟು ನವಿರಾಗಿ ಎಳೆಯುವುದು ಹೇಗೆಂದು ಕೇಳಿ ನೋಡಿ. ಅವು ನಿಜಕ್ಕೂ ಚೆನ್ನಾಗಿವೆ.

ತಿದ್ದುಪಡಿಯನ್ನು ಈ ಸಂಚಿಕೆಯಲ್ಲಿ, ಫಿಲ್ಲರ್ ಬಂದಿದ್ದ ಅದೇ ಪುಟದಲ್ಲಿ, ಅಷ್ಟೇ ಜಾಗದಲ್ಲಿ ಹಾಕಿದ್ದೇವೆ. ನೀವು ಕಳುಹಿಸಿದ ಫೋಟೋವನ್ನು ಈ ಉತ್ತರದೊಂದಿಗೆ ಅಚ್ಚು ಮಾಡೋಣವೆಂದು ಕಚೇರಿಯಲ್ಲಿ ಒಬ್ಬರು ಸೂಚಿಸಿದರು. ಬರೆದವಳ ಒಪ್ಪಿಗೆ ಇಲ್ಲವಾದ್ದರಿಂದ ಅದನ್ನು ಅಳಿಸಿಹಾಕಿದ್ದೇವೆ. ನಿಮ್ಮ ಫೋನಿನಲ್ಲಿರುವ ಪ್ರತಿಯನ್ನು ಏನು ಮಾಡಬೇಕೆಂಬುದನ್ನು ಅವಳನ್ನೇ ಕೇಳಿ.

ಇತಿ,
ಸಂಪಾದಕ