30 ಹರ್ಟ್ಜ್‌ನ ದನಿ: ನಿಮ್ಮ ಲೇಖನ ಓದಿ

ನಮಸ್ಕಾರ.

ಹಳೆಯ ಎಲೆಕ್ಟ್ರಾನಿಕ್ ಸಂಗೀತದ ಮಾಡ್ಯುಲೇಶನ್ (ಒಂದು ಅಲೆಯಿಂದ ಇನ್ನೊಂದು ಸದ್ದನ್ನು ಬದಲಿಸುವ) ತಂತ್ರಗಳನ್ನು ಇವತ್ತಿನ ಕಂಪ್ಯೂಟರಿನಲ್ಲಿ ಮತ್ತೆ ಮಾಡಿ ನೋಡುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ.

ಐದನೇ ಪುಟದಲ್ಲಿ ಒಂದು ಪ್ಯಾರಾ ಇದೆ. ನೀವು ಮೈಕ್ ಮುಂದೆ ಕೂತು ‘ಊಟ ಆಯ್ತಾ’ ಎಂದು ರೆಕಾರ್ಡ್ ಮಾಡಿದ್ದೀರಿ. ಅದನ್ನು ರಿಂಗ್ ಮಾಡ್ಯುಲೇಟರಿಗೆ ಕೊಟ್ಟು ಸ್ಪೀಕರಿನಲ್ಲಿ ಹಾಕಿದಾಗ ಅಡುಗೆಮನೆಯಿಂದ ಅಮ್ಮ ‘ಯಾರೋ ಅದು ಬಂದಿರೋದು?’ ಎಂದು ಕೇಳಿದರು. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಅಲ್ಲಿಂದ. ಹೆತ್ತ ತಾಯಿಗೇ ಮಗನ ದನಿ ಗುರುತು ಸಿಗಲಿಲ್ಲ ಎಂದರೆ ಅಲ್ಲಿ ಏನೋ ಆಗಿದೆ, ಅಲ್ವಾ? ಏನಾಯಿತು ಎಂದು ತಿಳಿಯುವ ಆಸೆ ಓದುಗನಿಗೆ ಹುಟ್ಟುವುದು ಆಗಲೇ. ಅದಕ್ಕೆ ಮುಂಚಿನ ನಾಲ್ಕು ಪುಟ ತೆಗೆದುಬಿಡಿ. ಥೆರಮಿನ್‌ನಿಂದ ಹಿಡಿದು ಒಂಬತ್ತು ತಂತ್ರಗಳ ಪರಿಚಯ ಅಲ್ಲಿದೆ, ಒಂದರ ಸದ್ದೂ ಕಿವಿಗೆ ಬೀಳುವುದಿಲ್ಲ. ‘ಅಲೌಕಿಕ ಲೋಕಕ್ಕೆ ಕೊಂಡೊಯ್ಯುವ ಮಾಂತ್ರಿಕ ನಾದ’ ಎಂದು ಬರೆದಿದ್ದೀರಿ. ಅದನ್ನು ಓದಿ ನನಗೆ ಏನೂ ಕೇಳಿಸಲಿಲ್ಲ.

ಈಗ ತಪ್ಪುಗಳು. ರಿಂಗ್ ಮಾಡ್ಯುಲೇಟರ್ ಎರಡು ಸದ್ದುಗಳನ್ನು ‘ಕೂಡಿಸುತ್ತದೆ’ ಎಂದಿದ್ದೀರಿ. ಕೂಡಿಸುವುದು ಮಿಕ್ಸರ್. ಇದು ಗುಣಿಸುತ್ತದೆ. ಇಡೀ ಲೇಖನ ನಿಂತಿರುವುದೇ ಈ ಒಂದು ಮಾತಿನ ಮೇಲೆ. ನಿಮ್ಮ ದನಿಯಲ್ಲಿ 200 ಹರ್ಟ್ಜ್ (ಸೆಕೆಂಡಿಗೆ 200 ಕಂಪನ) ಇದ್ದು, ಅದನ್ನು 30 ಹರ್ಟ್ಜ್‌ನ ಸೈನ್ ಅಲೆಯಿಂದ, ಅಂದರೆ ಒಂದೇ ಸ್ವರದ ನಯವಾದ ಅಲೆಯಿಂದ ಗುಣಿಸಿದರೆ ಹೊರಗೆ ಬರುವುದು 170 ಮತ್ತು 230. ಮೂಲದ 200 ಇರುವುದೇ ಇಲ್ಲ. ಅದರ ಮೇಲಿನ ಉಪಸ್ವರ 400 ಕೂಡ 370 ಮತ್ತು 430 ಆಗುತ್ತದೆ. ಇವು ಯಾವುವೂ 200ರ ಅಪವರ್ತ್ಯಗಳಲ್ಲ. ಹಾಗಾಗಿ ಕಿವಿ ಶ್ರುತಿ ಹುಡುಕುತ್ತದೆ, ಸಿಗುವುದಿಲ್ಲ. ಮಾತು ಅರ್ಥವಾಗುತ್ತದೆ, ಆಡಿದವರು ಯಾರು ಎಂದು ತಿಳಿಯುವುದಿಲ್ಲ. ಅಮ್ಮ ಯಾಕೆ ಹಾಗೆ ಕೇಳಿದರು ಎಂಬುದಕ್ಕೆ ಉತ್ತರ ಇಲ್ಲಿದೆ. ನೀವು ಅದನ್ನು ಬರೆದೇ ಇಲ್ಲ.

ಇನ್ನೊಂದು. ‘ಸೆಕೆಂಡಿಗೆ 30 ಸಲ ದನಿ ಏರಿಳಿಯುತ್ತದೆ’ ಎಂದಿದ್ದೀರಿ. 60 ಸಲ. ಸೈನ್ ಅಲೆಯ ಮೇಲಿನ ಅರ್ಧವೂ ದನಿಯನ್ನು ಎತ್ತುತ್ತದೆ, ಕೆಳಗಿನ ಅರ್ಧವೂ ತಲೆಕೆಳಗು ಮಾಡಿ ಎತ್ತುತ್ತದೆ. ಅಲೆ ಸೊನ್ನೆಯಿಂದ ಒಂದರವರೆಗೆ ಮಾತ್ರ ಓಡಾಡಿದರೆ ಏರಿಳಿತ 30 ಸಲ, ಮೂಲ ಸ್ವರವೂ ಉಳಿಯುತ್ತದೆ. ಅದು ಬರೀ ಟ್ರೆಮೊಲೊ. ಎರಡನ್ನೂ ಒಂದಾದ ಮೇಲೊಂದು ಕೇಳಿ, ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಅನುಮಾನ ಬಂದು ನಾನೂ ಪ್ಯೂರ್ ಡೇಟಾ ಎಂಬ, ಡಬ್ಬಿಗಳನ್ನು ಜೋಡಿಸಿ ಸದ್ದು ಮಾಡುವ ಸಾಫ್ಟ್‌ವೇರಿನಲ್ಲಿ ಮಾಡಿ ನೋಡಿದೆ. ನಾಲ್ಕೇ ಡಬ್ಬಿ: ಮೈಕ್, 30ರ ಅಲೆ ಹುಟ್ಟಿಸುವ ಆಸಿಲೇಟರ್, ಗುಣಾಕಾರ, ಸ್ಪೀಕರ್. ‘ಆ’ ಎಂದು ಎಳೆದಾಗ ಟ್ರೆಮೊಲೊದಲ್ಲಿ ನನ್ನ ದನಿ ಫ್ಯಾನಿನ ಮುಂದೆ ಕೂತು ಹಾಡಿದ ಹಾಗಿತ್ತು. ರಿಂಗ್‌ನಲ್ಲಿ ತಗಡಿನ ಡಬ್ಬಿಯೊಳಗೆ ಯಾರೋ ಗೊರಗೊರ ಎಂದ ಹಾಗೆ. ಆಮೇಲೆ ಶ್ರುತಿಪೆಟ್ಟಿಗೆಯ ಷಡ್ಜವನ್ನು ಕೊಟ್ಟು, ಆಸಿಲೇಟರನ್ನೂ ಅದೇ ಷಡ್ಜಕ್ಕೆ ಶ್ರುತಿ ಮಾಡಿದೆ. ದನಿಯ ಬಣ್ಣ ಬದಲಾಯಿತು, ಶ್ರುತಿ ಕದಲಲಿಲ್ಲ. ಬರುವುದೆಲ್ಲ ಷಡ್ಜದ ಅಪವರ್ತ್ಯಗಳೇ ತಾನೇ! ಈ ಪ್ರಯೋಗ ಬೇಕಿದ್ದರೆ ನೀವೇ ಇಟ್ಟುಕೊಳ್ಳಿ.

ನಿಮ್ಮ ಕೊನೆಯ ಪುಟದ ಒಂದು ಮಾತನ್ನು ನಾನು ಒಪ್ಪುವುದಿಲ್ಲ: ‘ಸಾಫ್ಟ್‌ವೇರ್ ಹಳೆಯ ಯಂತ್ರಕ್ಕಿಂತ ಎಲ್ಲ ರೀತಿಯಲ್ಲೂ ಉತ್ತಮ.’ 1963ರಲ್ಲಿ ಡಾಕ್ಟರ್ ಹೂ ಎಂಬ ಟಿವಿ ಧಾರಾವಾಹಿಯ ಡಾಲೆಕ್‌ಗಳಿಗೆ (ಲೋಹದ ಕವಚದೊಳಗಿನ ಅನ್ಯಗ್ರಹದ ಶತ್ರುಗಳು) ದನಿ ಕೊಡಲು, ಬಿಬಿಸಿಗೆ ಎಲೆಕ್ಟ್ರಾನಿಕ್ ಸದ್ದು ಮಾಡಿಕೊಡುತ್ತಿದ್ದ ರೇಡಿಯೊಫೋನಿಕ್ ವರ್ಕ್‌ಶಾಪಿನ ಬ್ರಯನ್ ಹಾಜ್ಸನ್ ಬಳಸಿದ್ದು ಇದೇ ತಂತ್ರ, ಇದೇ 30 ಹರ್ಟ್ಜ್. ಆದರೆ ಆ ಕಾಲದ ರಿಂಗ್ ಮಾಡ್ಯುಲೇಟರಿನಲ್ಲಿ ಗುಣಿಸುತ್ತಿದ್ದದ್ದು ಉಂಗುರದಂತೆ ಜೋಡಿಸಿದ ನಾಲ್ಕು ಡಯೋಡ್‌ಗಳು, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು. ಟೆಲಿಫೋನ್ ತಂತಿಯಲ್ಲಿ ಒಟ್ಟಿಗೆ ಹಲವು ಕರೆ ಕಳಿಸಲು ಬಳಸುತ್ತಿದ್ದ ಸರ್ಕ್ಯೂಟು ಅದು. ಡಯೋಡು ಸಣ್ಣ ವೋಲ್ಟೇಜಿಗೆ ಬಾಗಿಲು ತೆರೆಯುವುದಿಲ್ಲ, ಹಾಗಾಗಿ ಅಲೆ ಅಲ್ಲಲ್ಲಿ ಸೊಟ್ಟಗಾಗಿ ಲೆಕ್ಕದಲ್ಲಿಲ್ಲದ ಸ್ವರಗಳು ಸೇರುತ್ತವೆ. ನಾಲ್ಕೂ ಡಯೋಡು ಕರಾರುವಾಕ್ಕಾಗಿ ಒಂದೇ ಥರ ಇರುವುದಿಲ್ಲ, ಅದಕ್ಕೇ ಆಸಿಲೇಟರಿನ ಸದ್ದು ಸ್ವಲ್ಪ ಸೋರುತ್ತದೆ. 2012ರಲ್ಲಿ ಬಿಬಿಸಿಯ ಎಂಜಿನಿಯರುಗಳು ಆ ಹಳೆಯ ಸದ್ದುಗಳನ್ನು ಬ್ರೌಸರಿನಲ್ಲಿ ಮತ್ತೆ ಮಾಡಿದಾಗ ಸುಮ್ನೆ ಗುಣಿಸಿ ಬಿಡಲಿಲ್ಲ. ಡಯೋಡಿನ ಆ ಸೊಟ್ಟ ಗೆರೆಯನ್ನೂ ಲೆಕ್ಕದಲ್ಲಿ ಬರೆದರು. ಹಳೆಯದರ ಕೊರತೆ ಎಂದು ನೀವು ತಳ್ಳಿಹಾಕಿದ್ದೇ ಅದರ ದನಿಯಾಗಿತ್ತು.

ಎಫ್‌ಎಂ (ಒಂದು ಅಲೆಯಿಂದ ಇನ್ನೊಂದು ಸ್ವರದ ಕಂಪನವನ್ನು ಅಲುಗಿಸುವ ತಂತ್ರ) ಬಗ್ಗೆ ನಾಲ್ಕು ಸಾಲು ಬರೆದು ‘1983ರಲ್ಲಿ ಯಮಾಹಾ ಕಂಡುಹಿಡಿಯಿತು’ ಎಂದಿದ್ದೀರಿ. ಅದರ ಎಫ್‌ಎಂ ಸಿಂಥಸೈಜರ್ ಡಿಎಕ್ಸ್7 ಬಂದದ್ದು 1983ರಲ್ಲಿ, ಸರಿ. ಆದರೆ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಇದನ್ನು ಕಿವಿಯಾರೆ ಕಂಡುಕೊಂಡದ್ದು 1967ರಲ್ಲಿ. ಕಂಪ್ಯೂಟರಿನಲ್ಲಿ ಸ್ವರದ ಗಮಕವನ್ನು ಜಾಸ್ತಿ ಮಾಡುತ್ತಾ, ವೇಗ ಮಾಡುತ್ತಾ ಹೋದರು. ಒಂದು ಹಂತದಲ್ಲಿ ಅಲುಗಾಟ ಕೇಳುವುದು ನಿಂತು ಬೇರೆಯೇ ವಾದ್ಯದ ಬಣ್ಣ ಕೇಳಿಸಿತು. 1973ರ ಪ್ರಬಂಧದಲ್ಲಿ ಅವರು ಕೊಟ್ಟ ಗಂಟೆಯ ಸದ್ದನ್ನು ಈಗಲೂ ಮಾಡಬಹುದು: 200 ಹರ್ಟ್ಜ್ ಸ್ವರ, ಅದನ್ನು ಅಲುಗಿಸುವುದು 280, ಅಲುಗಾಟದ ಪ್ರಮಾಣ 10ರಿಂದ ಶುರುವಾಗಿ 15 ಸೆಕೆಂಡಿನಲ್ಲಿ ಸೊನ್ನೆಗೆ. ಆದರೆ ಇದು ಈ ಲೇಖನಕ್ಕೆ ಬೇಡ. ಇದೇ ಇನ್ನೊಂದು ಲೇಖನ, ಅದನ್ನೂ ನೀವೇ ಬರೆಯಬೇಕೆಂದು ನನ್ನಾಸೆ.

ಸದ್ಯಕ್ಕೆ ರಿಂಗ್ ಮಾಡ್ಯುಲೇಟರ್ ಒಂದನ್ನೇ ಹಿಡಿದು 900 ಪದಗಳಲ್ಲಿ ಬರೆದು ಕಳಿಸಿ. ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಮೈಕ್ ಮುಂದೆ ಏನೂ ಮಾತಾಡದೆ ಕೂತು ಹೆಡ್‌ಫೋನಿನಲ್ಲಿ ಕೇಳಿ. ಕೋಣೆಯ ಸಣ್ಣಪುಟ್ಟ ಸದ್ದು ಬಿಟ್ಟರೆ ನಿಮ್ಮ ಸಾಫ್ಟ್‌ವೇರಿನಲ್ಲಿ ಏನೂ ಕೇಳಿಸುವುದಿಲ್ಲ. ಆಮೇಲೆ 30ರ ಅಲೆಯನ್ನು ನೂರರಲ್ಲಿ ಒಂದು ಪಾಲು ಬೇಕೆಂದೇ ಸೋರಲು ಬಿಟ್ಟು, ಅದೇ ‘ಊಟ ಆಯ್ತಾ’ ಮತ್ತೆ ಹೇಳಿ. ಎರಡು ಸಲವೂ ಏನು ಕೇಳಿಸಿತು ಎಂದು ತಕ್ಷಣ ಗುರುತು ಹಾಕಿಕೊಳ್ಳಿ. ಆ ಚೀಟಿಯನ್ನೂ ಲೇಖನದ ಜೊತೆ ಕಳಿಸಿ, ನಾನು ಓದಬೇಕು.