1600 ಮೀಟರ್ ಓಟಕ್ಕೆ ಮೊದಲು ಯಾವ ಎನರ್ಜಿ ಡ್ರಿಂಕ್ ಕುಡಿದರೆ ಒಳ್ಳೆಯದು?

ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ಮುಂಚೆ ಯಾವುದನ್ನು, ಎಷ್ಟು ಹೊತ್ತಿಗೆ ಕುಡಿಯಬೇಕು ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನು ತುಮಕೂರಿನ ಅಮಾನಿಕೆರೆ ಏರಿಯ ಮೇಲೆ ಕಂಡ ಕಂಡವರಲ್ಲೆಲ್ಲ ಕೇಳಿದ್ದೆ.

ನಾನು ಗುಬ್ಬಿ ಕಡೆಯ ಹಳ್ಳಿಯವನು. ತುಮಕೂರಿನಲ್ಲಿ ರೂಮು ಮಾಡಿಕೊಂಡು ಆರು ತಿಂಗಳು ಓಡಿದೆ. ಭಾನುವಾರ ದೇವರಾಯನದುರ್ಗ ಬೆಟ್ಟದ ಏರು, ಉಳಿದ ದಿನ ಟ್ರ್ಯಾಕು. ಪರೀಕ್ಷೆಗೆ ಕೊಡುತ್ತಿದ್ದದ್ದು 6 ನಿಮಿಷ 30 ಸೆಕೆಂಡು. ನಾನು 6 ನಿಮಿಷ 10ರ ಆಸುಪಾಸಿನಲ್ಲಿ ಮುಗಿಸುತ್ತಿದ್ದೆ. ಅಂದರೆ ನನಗೆ ಯಾವ ಡ್ರಿಂಕೂ ಬೇಕಿರಲಿಲ್ಲ. ಈ ಮಾತು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಪರೀಕ್ಷೆಯ ದಿನ ಭಯಕ್ಕೆ ಬರಿಹೊಟ್ಟೆಯಲ್ಲೇ ಹೋದೆ. ಗೇಟಿನ ಬಳಿ ಒಂದು ಕ್ಯಾನ್ ಎನರ್ಜಿ ಡ್ರಿಂಕ್ ಕುಡಿದೆ. ನಮ್ಮ ತಂಡವನ್ನು ಕರೆಯುವುದು ಒಂದೂವರೆ ಗಂಟೆ ತಡವಾಯಿತು. ಕುಡಿದದ್ದರ ಕಾವು ಇಳಿದುಹೋಯಿತೇನೋ ಎನ್ನಿಸಿ, ಓಟಕ್ಕೆ ಹತ್ತು ನಿಮಿಷವಿರುವಾಗ ಇನ್ನೊಂದನ್ನೂ ಕುಡಿದೆ. ಬೆರಳು ಎಷ್ಟು ನಡುಗುತ್ತಿತ್ತೆಂದರೆ ಎದೆಯ ನಂಬರಿನ ದಾರವನ್ನು ಪಕ್ಕದವನು ಕಟ್ಟಿಕೊಟ್ಟ. ಆ ನಡುಕವನ್ನೇ ಶಕ್ತಿ ಎಂದುಕೊಂಡೆ.

ನನ್ನ ತಪ್ಪನ್ನು ಸರಿಯಾಗಿ ಕೇಳಿಸಿಕೊಳ್ಳಿ. ಕುಡಿದದ್ದಕ್ಕಿಂತ ದೊಡ್ಡ ತಪ್ಪು, ಆರು ತಿಂಗಳ ಅಭ್ಯಾಸದಲ್ಲಿ ಒಂದು ದಿನವೂ ಕುಡಿಯದೆ ಅಂದೇ ಮೊದಲ ಬಾರಿ ಕುಡಿದದ್ದು. ಆ ಡ್ರಿಂಕಿನಲ್ಲಿರುವುದು ಕಾಫಿಯಲ್ಲೂ ಇರುವ ಕೆಫೀನ್. ಅದು ಕಾಲಿಗೆ ಬಲ ತುಂಬುವುದಿಲ್ಲ, ದಣಿವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ. ಹಾಗಾಗಿ 400 ಮೀಟರಿನ ನಾಲ್ಕು ಸುತ್ತುಗಳಲ್ಲಿ ಮೊದಲನೆಯದು ಹಗುರವಾಗಿ ಕಂಡಿತು. 78 ಸೆಕೆಂಡಿನಲ್ಲಿ ಮುಗಿಸಿಬಿಟ್ಟೆ! ನಾನು ಓಡಬೇಕಾಗಿದ್ದದ್ದು 93ಕ್ಕೆ. ಇನ್ನು ಆ ಎರಡನೇ ಕ್ಯಾನ್. ಕೆಫೀನ್ ರಕ್ತದಲ್ಲಿ ಪೂರ್ತಿ ಏರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ಹತ್ತು ನಿಮಿಷದಲ್ಲಿ ಅದರಿಂದ ಏನೂ ಒದಗುವುದಿಲ್ಲ. 250 ಮಿಲಿ ಕ್ಯಾನಿನಲ್ಲಿ ಸುಮಾರು 27 ಗ್ರಾಂ ಸಕ್ಕರೆ ಇರುತ್ತದೆ. ಜೋರಾಗಿ ಓಡುವಾಗ ರಕ್ತ ಹೆಚ್ಚಾಗಿ ಕಾಲಿಗೆ ಹರಿಯುತ್ತದೆ, ಆ ಸಿಹಿನೀರು ಹೊಟ್ಟೆಯಲ್ಲೇ ಕುಲುಕುತ್ತಿರುತ್ತದೆ. ಮೂರನೇ ಸುತ್ತಿನ ತಿರುವಿನಲ್ಲಿ ಗಂಟಲಿಗೆ ಹುಳಿ ಬಂತು, ಟ್ರ್ಯಾಕಿನ ಅಂಚಿಗೆ ಬಾಗಿ ವಾಂತಿ ಮಾಡಿದೆ. ಮುಗಿಸಿದ್ದು 6 ನಿಮಿಷ 42 ಸೆಕೆಂಡಿಗೆ. ಹನ್ನೆರಡು ಸೆಕೆಂಡಿಗೆ ಎರಡು ವರ್ಷ ಕಾದೆ.

ಆದ್ದರಿಂದ ‘ಯಾವ ಡ್ರಿಂಕ್’ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೆಫೀನ್ ಓಟಕ್ಕೆ ನೆರವಾಗುವುದು ನಿಜ. ಹಿಂದೆ ಅದು ಒಂದು ಮಿತಿ ಮೀರಿದರೆ ನಿಷಿದ್ಧವೇ ಆಗಿತ್ತು, 2004ರಲ್ಲಿ ವಾಡಾ (ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ) ಅದನ್ನು ನಿಷೇಧದ ಪಟ್ಟಿಯಿಂದ ಕೈಬಿಟ್ಟಿತು. ಆದರೆ ನೀವು ಬರೆದಿರುವ ಪ್ರಕಾರ ನಿಮ್ಮ ಓಟ ಈಗ 6 ನಿಮಿಷ 50ಕ್ಕೆ ಮುಗಿಯುತ್ತಿದೆ. ಆ ಇಪ್ಪತ್ತು ಸೆಕೆಂಡು ಯಾವ ಡಬ್ಬಿಯಲ್ಲೂ ಇಲ್ಲ. ಪ್ರತಿ ಸುತ್ತನ್ನೂ 97 ಸೆಕೆಂಡಿಗೆ ಓಡುವುದನ್ನು ಕಲಿಯಿರಿ, ಮೊದಲ ಸುತ್ತನ್ನು ಯಾರಾದರೂ ವಾಚು ಹಿಡಿದು ಕೂಗಿ ಹೇಳಲಿ. ಸಂಜೆ ಮೇಲೆ ಎನರ್ಜಿ ಡ್ರಿಂಕ್ ಮುಟ್ಟಬೇಡಿ, ಐದು ಗಂಟೆ ಕಳೆದರೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಉಳಿದು ನಿದ್ದೆ ಕೆಡಿಸುತ್ತದೆ. ಎದೆ ಬಡಿತದ ತೊಂದರೆ ಇದ್ದರಂತೂ ಯಾವತ್ತೂ ಬೇಡ. ಕುಡಿದೇ ತೀರುತ್ತೇನೆ ಎಂದರೆ ಮನೆಯ ಕಾಫಿ ಸಾಕು, ಅದನ್ನೂ ಅಭ್ಯಾಸದ ದಿನಗಳಲ್ಲಿ ನಾಲ್ಕಾರು ಸಲ ಕುಡಿದು ಓಡಿ ನೋಡಿ.

ಎರಡನೇ ಸಲ ನಾನು ಓಟಕ್ಕೆ ಎರಡು ಗಂಟೆ ಮೊದಲು ರಾಗಿ ಗಂಜಿ ಕುಡಿದು, ಒಂದು ಬಾಳೆಹಣ್ಣು ತಿಂದು ಹೋಗಿದ್ದೆ. ಮೊದಲ ಸುತ್ತಿನಲ್ಲಿ ಹತ್ತು ಹನ್ನೆರಡು ಜನ ನನ್ನನ್ನು ದಾಟಿ ಓಡಿದರು. ನಾನು 94 ಸೆಕೆಂಡಿನಲ್ಲೇ ಇದ್ದೆ. ಮುಗಿಸಿದಾಗ 6 ನಿಮಿಷ 14 ಸೆಕೆಂಡಾಗಿತ್ತು.