ಎಇಜಿ ಅಂದರೆ ಎಡಿಸನ್ ಕಂಪನಿಯೋ, ಸೀಮೆನ್ಸ್‌ನದ್ದೋ?

ಪ್ರಶ್ನೆ: ಹಳೆಯ ಮೋಟರ್ ಒಂದರ ಮೇಲೆ ‘ಎಇಜಿ, ಬರ್ಲಿನ್’ ಅಂತ ಬರೆದಿದೆ. ಎಡಿಸನ್ ಕಂಪನಿಯದು ಅಂತ ಒಬ್ಬರು, ಸೀಮೆನ್ಸ್‌ನದ್ದು ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಅಲ್ಲ. ಎಇಜಿ ಜರ್ಮನಿಯ ಬೇರೆಯದೇ ಒಂದು ವಿದ್ಯುತ್ ಕಂಪನಿ. ಆದರೆ ಇಬ್ಬರೂ ಸುಮ್ನೆ ಹೇಳಿದ್ದಲ್ಲ, ಅದಕ್ಕೆ ಕಾರಣ ಇದೆ.

1881ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ವಿದ್ಯುತ್ ಪ್ರದರ್ಶನ ನಡೆಯಿತು. ಬರ್ಲಿನ್‌ನ ಎಂಜಿನಿಯರ್ ಎಮಿಲ್ ರಾಥೆನೌ ಅಲ್ಲಿ ಎಡಿಸನ್ ಬಲ್ಬ್ ನೋಡಿದರು. ಜರ್ಮನಿಗೆ ಅದರ ಪೇಟೆಂಟ್ ಹಕ್ಕು ಪಡೆದು, 1883ರಲ್ಲಿ ಎಡಿಸನ್ ಹೆಸರಲ್ಲೇ ಕಂಪನಿ ಶುರು ಮಾಡಿದರು. ಸೀಮೆನ್ಸ್ ಕಂಪನಿ (ಆಗಿನ ಹೆಸರು ಸೀಮೆನ್ಸ್ ಅಂಡ್ ಹಾಲ್ಸ್ಕೆ) 1847ರಿಂದಲೇ ಬರ್ಲಿನ್‌ನಲ್ಲಿ ಬೇರೂರಿತ್ತು. ಅದರ ಜೊತೆ ರಾಥೆನೌ ಜಗಳಕ್ಕೆ ಇಳಿಯಲಿಲ್ಲ, ಒಪ್ಪಂದ ಮಾಡಿಕೊಂಡರು: ದೊಡ್ಡ ಯಂತ್ರಗಳನ್ನು ಸೀಮೆನ್ಸ್‌ನಿಂದಲೇ ಕೊಳ್ಳಬೇಕು, ವಿದ್ಯುತ್ ಕೇಂದ್ರ ಕಟ್ಟಿ ನಡೆಸುವುದು ತಮ್ಮ ಕೆಲಸ. ಗೊಂದಲ ಹುಟ್ಟಿದ್ದು ಇಲ್ಲೇ. 1887ರಲ್ಲಿ ಎಡಿಸನ್ ನಂಟು ಕಳಚಿತು, ಹೆಸರು ಎಇಜಿ (ಜರ್ಮನ್‌ನಲ್ಲಿ ‘ಸಾಮಾನ್ಯ ವಿದ್ಯುತ್ ಕಂಪನಿ’ ಅನ್ನುವುದರ ಚಿಕ್ಕ ರೂಪ) ಆಯಿತು. ಸೀಮೆನ್ಸ್ ಜೊತೆಗಿನ ಕಟ್ಟುಪಾಡೂ ಮುಂದೆ ಸಡಿಲವಾಗಿ ಹೋಯಿತು.

ರಾಥೆನೌ ಏನನ್ನೂ ಕಂಡುಹಿಡಿದವರಲ್ಲ. ಆದರೆ ಜನರಿಗೆ ಬೇಕಿರುವುದು ಯಂತ್ರವಲ್ಲ, ಬೆಳಕು ಅನ್ನುವುದನ್ನು ಅವರಷ್ಟು ಬೇಗ ತಿಳಿದವರು ಕಡಿಮೆ. 1885ರಲ್ಲಿ ಬರ್ಲಿನ್‌ನ ಮಾರ್ಕ್‌ಗ್ರಾಫೆನ್ ಬೀದಿಯಲ್ಲಿ ಜರ್ಮನಿಯ ಮೊದಲ ಸಾರ್ವಜನಿಕ ವಿದ್ಯುತ್ ಕೇಂದ್ರ ಶುರುವಾಯಿತು. ಅದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಹತ್ತಿರದ ಬೀದಿಗಳಿಗೆ ಮಾತ್ರ ಸಾಕಾಗುತ್ತಿತ್ತು.

ಕರೆಂಟನ್ನು ದೂರ ಒಯ್ಯುವ ಸಮಸ್ಯೆ ಬಗೆಹರಿದದ್ದೇ ನನಗೆ ಈ ಕಂಪನಿಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ಇಷ್ಟದ ಭಾಗ. ಎಇಜಿಯ ಎಂಜಿನಿಯರ್ ಮಿಖಾಯಿಲ್ ಡೊಲಿವೊ ಡೊಬ್ರೊವೊಲ್ಸ್ಕಿ, ರಷ್ಯಾದಲ್ಲಿ ಹುಟ್ಟಿದವರು, 1889ರಲ್ಲಿ ತ್ರೀ ಫೇಸ್ (ಮೂರು ತಂತಿಗಳಲ್ಲಿ ಒಂದರ ಹಿಂದೆ ಒಂದು ಏರಿಳಿಯುವ) ಕರೆಂಟಿನಿಂದ ಓಡುವ ಇಂಡಕ್ಷನ್ ಮೋಟರ್ ಮಾಡಿ ತೋರಿಸಿದರು. 1891ರಲ್ಲಿ ಫ್ರಾಂಕ್‌ಫರ್ಟ್‌ನ ಪ್ರದರ್ಶನಕ್ಕೆ ಸುಮಾರು 175 ಕಿ.ಮೀ. ದೂರದ ಲಾಫೆನ್‌ನಿಂದ, ನೆಕಾರ್ ನದಿ ನೀರಿನಿಂದ ತಯಾರಿಸಿದ ತ್ರೀ ಫೇಸ್ ಕರೆಂಟನ್ನು ಸುಮಾರು 15,000 ವೋಲ್ಟ್‌ಗೆ ಏರಿಸಿ ತಂತಿಯಲ್ಲಿ ತಂದರು. ಸ್ವಿಟ್ಜರ್ಲೆಂಡ್‌ನ ಓರ್ಲಿಕಾನ್ ಕಂಪನಿಯೂ ಇದರಲ್ಲಿ ಪಾಲುದಾರ. ವೋಲ್ಟೇಜ್ ಯಾಕೆ ಏರಿಸಬೇಕು ಅಂದರೆ, ಅಷ್ಟೇ ಶಕ್ತಿಗೆ ವೋಲ್ಟೇಜ್ 10 ಪಟ್ಟು ಆದರೆ ಕರೆಂಟು ಹತ್ತರಲ್ಲಿ ಒಂದಾಗುತ್ತದೆ, ತಂತಿಯಲ್ಲಿ ಪೋಲಾಗುವುದು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪ್ರದರ್ಶನದಲ್ಲಿ 1,000 ಬಲ್ಬ್ ಉರಿದವು. ಮೋಟರ್ ಒಂದು ನೀರೆತ್ತಿ ಕೃತಕ ಜಲಪಾತವನ್ನೇ ಸುರಿಸಿತು! ದಾರಿಯಲ್ಲಿ ಪೋಲಾದದ್ದು ಸುಮಾರು ಕಾಲು ಭಾಗ ಮಾತ್ರ. ನೀರಿರುವಲ್ಲಿ ಕರೆಂಟು ತಯಾರಿಸಿ ಬೇಕಾದಲ್ಲಿಗೆ ಒಯ್ಯಬಹುದು ಅಂತ ಜಗತ್ತು ನಂಬಿದ್ದು ಆಗ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಕರೆಂಟು ಹೋದದ್ದೂ ಇದೇ ಬಗೆಯಲ್ಲಿ ಅಲ್ವಾ? ಆದರೆ ಅಲ್ಲಿ ಉಪಕರಣ ಕೊಟ್ಟದ್ದು ಎಇಜಿ ಅಲ್ಲ, ಅಮೆರಿಕದ ಜನರಲ್ ಎಲೆಕ್ಟ್ರಿಕ್.

ಮುಂದೆ 1903ರಲ್ಲಿ ಎಇಜಿ, ಸೀಮೆನ್ಸ್ ಜೊತೆ ಸೇರಿ ಟೆಲಿಫಂಕೆನ್ ಅನ್ನುವ ರೇಡಿಯೊ ಕಂಪನಿ ಹುಟ್ಟುಹಾಕಿತು. 1907ರಲ್ಲಿ ವಿನ್ಯಾಸಕಾರ ಪೀಟರ್ ಬೆಹ್ರೆನ್ಸ್ ಎಇಜಿಗೆ ಬಂದು ಕೆಟಲ್‌ನಿಂದ ಕಾರ್ಖಾನೆ ಕಟ್ಟಡದವರೆಗೆ ಎಲ್ಲದಕ್ಕೂ ರೂಪ ಕೊಟ್ಟರು. 1982ರಲ್ಲಿ ಕಂಪನಿ ದಿವಾಳಿ ಅಂಚಿಗೆ ಬಂತು, 1985ರಲ್ಲಿ ಡೈಮ್ಲರ್ ಬೆಂಜ್ ಕೈ ಸೇರಿತು, 1996ರಲ್ಲಿ ಮುಗಿಯಿತು. ಇವತ್ತು ವಾಷಿಂಗ್ ಮಷೀನ್ ಮೇಲೆ ಎಇಜಿ ಅಂತ ಕಂಡರೆ, ಅದು ಸ್ವೀಡನ್‌ನ ಎಲೆಕ್ಟ್ರೋಲಕ್ಸ್‌ನದ್ದು.